ದಿನದ ಊಟದ ಹದ

ಇಷ್ಟದ ತಿನಿಸು ಯಾವುದೆಂದು ಯಾರಾದರೂ ಕೇಳಿದರೆ ನಾನು ಕೊಡುವ ಉತ್ತರ ಕೇಳಿದವರಿಗೆ ಸಪ್ಪೆಯೆನಿಸುತ್ತದೆ. ತಿಂಡಿಪೋತನೆಂದು ಹೆಸರು ಪಡೆದ, ಇನ್ನೂ ಇಪ್ಪತ್ತರ ಹರೆಯದಲ್ಲಿರುವ ಹುಡುಗನೊಬ್ಬ ಅಪರೂಪದ ಖಾದ್ಯವೊಂದರ ಹೆಸರು ಹೇಳಿಯಾನೆಂದು ಕಾದವರ ಮುಂದೆ ಅನ್ನ, ಮೊಟ್ಟೆ, ಈರುಳ್ಳಿ, ಆಲೂಗಡ್ಡೆ, ಬೇಳೆ, ಮೊಸರು ಎಂದು ದಿನಸಿ ಚೀಟಿ ಓದಿದಂತೆ ಹೇಳುತ್ತಾ ಹೋದರೆ ಅವರಿಗೆ ನಿರಾಸೆಯಾಗುವುದು ಸಹಜವೇ. ಆದರೂ ನನ್ನ ಉತ್ತರವನ್ನು ಬದಲಿಸಿಕೊಳ್ಳಲು ನನಗೆ ಕಾರಣ ಸಿಕ್ಕಿಲ್ಲ. ವಿಶೇಷ ದಿನದ ಅಡುಗೆಗೆ ನಾವು ಪುಸ್ತಕ ತೆರೆಯುತ್ತೇವೆ, ವಿಡಿಯೊ ನೋಡುತ್ತೇವೆ, ಸಾಮಾನು ಹುಡುಕಿಕೊಂಡು ಅಲೆಯುತ್ತೇವೆ. ವರ್ಷದ ಮುಕ್ಕಾಲು ಪಾಲು ಹೊಟ್ಟೆ ತುಂಬಿಸುವ ಅಡುಗೆಯನ್ನು ಮಾತ್ರ ಫೋನಿನಲ್ಲಿ ಮಾತನಾಡುತ್ತಲೇ ಮಾಡಿ ಮುಗಿಸುತ್ತೇವೆ. ದಿನದ ಅಡುಗೆಯ ರುಚಿ ಕೆಡುವುದು ಸಾಮಾನು ಕಡಿಮೆಯಾಗಿದ್ದರಿಂದಲ್ಲ, ಉರಿ ಮತ್ತು ನೀರಿನ ಮೇಲೆ ಕಣ್ಣಿಡದ್ದರಿಂದ ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ಹತ್ತಾರು ಮಸಾಲೆ ಬಿದ್ದ ಪದಾರ್ಥದಲ್ಲಿ ಒಂದೆರಡು ತಪ್ಪುಗಳು ಮುಚ್ಚಿಹೋಗಬಹುದು. ಬರಿಯ ಅನ್ನದಲ್ಲಿ, ಬರಿಯ ಮೊಟ್ಟೆಯಲ್ಲಿ ತಪ್ಪಿಗೆ ಅಡಗಿಕೊಳ್ಳಲು ಜಾಗವೇ ಇರುವುದಿಲ್ಲ.

ಅನ್ನದಿಂದಲೇ ತೊಡಗುತ್ತೇನೆ. ಅಕ್ಕಿಯಲ್ಲಿರುವ ಪಿಷ್ಟದಲ್ಲಿ ಅಮೈಲೋಸ್ ಮತ್ತು ಅಮೈಲೋಪೆಕ್ಟಿನ್ ಎಂಬ ಎರಡು ಬಗೆಗಳಿವೆ. ಅಮೈಲೋಸ್ ಹೆಚ್ಚಿರುವ ಅಕ್ಕಿ ಬೆಂದಾಗ ಅಗುಳು ಅಗುಳಾಗಿ ಬಿಡಿಬಿಡಿಯಾಗಿ ನಿಲ್ಲುತ್ತದೆ. ಅದು ಕಡಿಮೆಯಿದ್ದಷ್ಟೂ ಅಗುಳುಗಳು ಒಂದಕ್ಕೊಂದು ಹತ್ತಿಕೊಳ್ಳುತ್ತವೆ. ಅಂಟಕ್ಕಿಯಲ್ಲಂತೂ ಅಮೈಲೋಸ್ ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದ ಅಂಟುವ ಜಾತಿಯ ಅಕ್ಕಿಯನ್ನು ತಂದಿಟ್ಟುಕೊಂಡು ಉದುರುದುರಾದ ಅನ್ನಕ್ಕಾಗಿ ಹೆಣಗುವುದು ವ್ಯರ್ಥ. ಅಲ್ಲಿ ಸೋಲುವುದು ಅಡುಗೆಯವರ ಕೈಯಲ್ಲ, ಅಕ್ಕಿಯ ಆಯ್ಕೆ. ಅಕ್ಕಿಯನ್ನು ತೊಳೆಯುವುದರಿಂದ ಕಾಳಿನ ಮೈಗೆ ಅಂಟಿದ ಪಿಷ್ಟದ ಹುಡಿ ಹೋಗುತ್ತದೆ, ಹೀಗಾಗಿ ನೀರು ಹೆಚ್ಚು ನೊರೆಯುಕ್ಕುವುದಿಲ್ಲ, ಅಗುಳಿನ ಹೊರಮೈ ಲೋಳೆಯಾಗುವುದಿಲ್ಲ. ತೊಳೆದ ನೀರು ಸ್ಫಟಿಕದಷ್ಟು ತಿಳಿಯಾಗುವವರೆಗೂ ಉಜ್ಜುತ್ತಾ ಕೂರಬೇಕಿಲ್ಲ. ಹಾಗೆ ಉಜ್ಜಿದರೆ ಅಕ್ಕಿ ಮುರಿದು ನುಚ್ಚಾಗುತ್ತದೆ, ನುಚ್ಚು ಮತ್ತೆ ಗಂಜಿಯನ್ನೇ ಹೆಚ್ಚಿಸುತ್ತದೆ.

ನೀರಿನ ಅಳತೆಯ ವಿಷಯದಲ್ಲಿ ಎಲ್ಲರ ಬಾಯಲ್ಲಿರುವ ಲೆಕ್ಕ ಒಂದಕ್ಕೆ ಎರಡು. ಒಂದು ಲೋಟ ಅಕ್ಕಿಗೆ ಈ ಲೆಕ್ಕ ಸರಿಹೋಗುತ್ತದೆ, ನಾಲ್ಕು ಲೋಟಕ್ಕೆ ಎಂಟು ಲೋಟ ನೀರು ಹೊಯ್ದಾಗ ಮಾತ್ರ ಅನ್ನ ಮುದ್ದೆಯಾಗುತ್ತದೆ. ಇದಕ್ಕೆ ಕಾರಣ ಸರಳವಾದದ್ದು. ಅಕ್ಕಿ ನಿಜವಾಗಿ ಹೀರಿಕೊಳ್ಳುವ ನೀರು ಹೆಚ್ಚುಕಡಿಮೆ ಅದರ ಅಳತೆಯಷ್ಟೇ. ಮಿಕ್ಕಿದ್ದೆಲ್ಲ ಬೇಯುವಾಗ ಆವಿಯಾಗಿ ಹೋಗುವ ನೀರಿನ ಬಾಬ್ತು. ಎಷ್ಟು ನೀರು ಆವಿಯಾಗುತ್ತದೆ ಎಂಬುದು ಪಾತ್ರೆಯ ಬಾಯಿ ಎಷ್ಟು ಅಗಲ, ಮುಚ್ಚಳ ಎಷ್ಟು ಬಿಗಿ, ಉರಿ ಎಷ್ಟು ದೊಡ್ಡದು ಎಂಬುದರ ಮೇಲೆ ನಿಂತಿದೆಯೇ ಹೊರತು ಒಳಗಿರುವ ಅಕ್ಕಿ ಎಷ್ಟು ಎಂಬುದರ ಮೇಲಲ್ಲ. ಆದ್ದರಿಂದ ನಾನು ಅಕ್ಕಿಯಷ್ಟೇ ನೀರಿಟ್ಟು, ಅದರ ಮೇಲೆ ನನ್ನ ಪಾತ್ರೆ ಕುಡಿಯುವ ಆವಿಯ ಪಾಲೆಂದು ಮುಕ್ಕಾಲು ಲೋಟ, ಮೆತ್ತಗೆ ಬೇಕೆನಿಸಿದ ದಿನ ಇನ್ನೊಂದಿಷ್ಟು ಸೇರಿಸುತ್ತೇನೆ. ಅಕ್ಕಿ ಹೆಚ್ಚಿದರೂ ಈ ಮೇಲಿನ ಪಾಲು ಅದರ ಜೊತೆಗೆ ದುಪ್ಪಟ್ಟಾಗುವುದಿಲ್ಲ. ಮೊದಲ ಕುದಿ ಬಂದೊಡನೆ ಉರಿಯನ್ನು ಪೂರ್ತಿ ತಗ್ಗಿಸಿ ಮುಚ್ಚಳ ಮುಚ್ಚಿದ ಮೇಲೆ ಮತ್ತೆ ತೆರೆದು ನೋಡುವ ಚಪಲವನ್ನು ಹತ್ತಿಕ್ಕಿಕೊಳ್ಳಬೇಕು. ನೀರು ಇಂಗಿ ಒಲೆ ಆರಿಸಿದ ನಂತರವೂ ಹತ್ತು ನಿಮಿಷ ಹಾಗೆಯೇ ಬಿಡಬೇಕು, ಏಕೆಂದರೆ ಆ ಹೊತ್ತಿಗೆ ತಳದ ಅನ್ನ ತೇವವಾಗಿಯೂ ಮೇಲಿನದು ತುಸು ಬಿರುಸಾಗಿಯೂ ಇರುತ್ತದೆ. ಆವಿ ಒಳಗೊಳಗೇ ಹರಡಿ ಎರಡನ್ನೂ ಒಂದು ಹದಕ್ಕೆ ತರುತ್ತದೆ.

ಉಳಿದ ಅನ್ನದ ಬಗ್ಗೆ ಒಂದು ಮಾತು ಹೇಳಲೇಬೇಕು. ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಅನ್ನ ಬೇಯುವ ಬಿಸಿಯನ್ನು ತಡೆದುಕೊಂಡು ಬದುಕಬಲ್ಲವು; ಬೆಂದ ಅನ್ನ ಗಂಟೆಗಟ್ಟಲೆ ಬೆಚ್ಚಗೆ ಕುಳಿತರೆ ಅವು ಮೊಳೆತು ವಿಷವನ್ನು ಬಿಡುತ್ತವೆ, ವಾಂತಿ ಮಾಡಿಸುವ ಆ ವಿಷ ಮತ್ತೆ ಬಿಸಿ ಮಾಡಿದರೂ ನಾಶವಾಗುವುದಿಲ್ಲ. ಆದ್ದರಿಂದ ಮಿಕ್ಕ ಅನ್ನವನ್ನು ಅಗಲವಾದ ತಟ್ಟೆಯಲ್ಲಿ ಹರಡಿ ಬೇಗ ಆರಿಸಿ, ಒಂದೆರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸುವುದು ಒಳ್ಳೆಯದು. ತಣ್ಣಗಾದ ಅನ್ನದ ಪಿಷ್ಟ ಮತ್ತೆ ಬಿಗಿದುಕೊಳ್ಳುವುದರಿಂದ ಅಗುಳು ಗಟ್ಟಿಯಾಗುತ್ತದೆ, ಮರುದಿನ ಬಾಣಲೆಯಲ್ಲಿ ಹುರಿಯಲು ಅಂಥ ಅನ್ನವೇ ಬೇಕು.

ಅನ್ನಕ್ಕಿಂತಲೂ ಸೂಕ್ಷ್ಮವಾದದ್ದು ಮೊಟ್ಟೆ. ಮೊಟ್ಟೆಯ ಬಿಳಿ ಭಾಗ ಒಂದೇ ವಸ್ತುವೆಂದು ಕಂಡರೂ ಅದರಲ್ಲಿ ಬೇರೆಬೇರೆ ಪ್ರೋಟೀನುಗಳಿವೆ. ಅವುಗಳಲ್ಲಿ ಒಂದು ಸುಮಾರು 62 ಡಿಗ್ರಿ ಸೆಲ್ಸಿಯಸ್‌ನಲ್ಲೇ ಹೆಪ್ಪುಗಟ್ಟತೊಡಗುತ್ತದೆ. ಎಲ್ಲಕ್ಕಿಂತ ಹೆಚ್ಚಿನ ಪ್ರಮಾಣದಲ್ಲಿರುವ ಓವಾಲ್ಬುಮಿನ್ ಗಟ್ಟಿಯಾಗಲು 80 ಡಿಗ್ರಿಯ ಆಸುಪಾಸು ತಲುಪಬೇಕು. ಹಳದಿ ಭಾಗ ಇವೆರಡರ ನಡುವೆ, 65ರಿಂದ 70 ಡಿಗ್ರಿಯಲ್ಲಿ ಮಂದವಾಗುತ್ತದೆ. ಕುದಿಯುವ ನೀರು 100 ಡಿಗ್ರಿ, ಕಾದ ಬಾಣಲೆ ಅದರ ದುಪ್ಪಟ್ಟು. ಅಂದರೆ ಮೊಟ್ಟೆಗೆ ಬೇಕಾದದ್ದಕ್ಕಿಂತ ಎಷ್ಟೋ ಹೆಚ್ಚು ಬಿಸಿ ನಮ್ಮ ಒಲೆಯ ಮೇಲೆ ಯಾವಾಗಲೂ ಇರುತ್ತದೆ, ಮತ್ತು ಮೊಟ್ಟೆಯ ಅಡುಗೆಯೆಂದರೆ ಬಹುಮಟ್ಟಿಗೆ ಆ ಬಿಸಿಯಿಂದ ಅದನ್ನು ಸಕಾಲದಲ್ಲಿ ಪಾರುಮಾಡುವ ಕೆಲಸ.

ಬೇಯಿಸಿದ ಮೊಟ್ಟೆಯ ವಿಷಯದಲ್ಲಿ ನಾನು ತಣ್ಣೀರಿನಿಂದ ಆರಂಭಿಸುವವರ ಪಂಗಡಕ್ಕೆ ಸೇರಿದವನಲ್ಲ. ತಣ್ಣೀರು ಎಷ್ಟು ಹೊತ್ತಿಗೆ ಕುದಿಯುತ್ತದೆ ಎಂಬುದು ಪಾತ್ರೆಗೆ ಪಾತ್ರೆಗೆ, ಒಲೆಗೆ ಒಲೆಗೆ ಬದಲಾಗುತ್ತದೆ. ಮೊದಲೇ ಕುದಿಯುತ್ತಿರುವ ನೀರಿಗೆ ಮೊಟ್ಟೆಯನ್ನು ಚಮಚದಿಂದ ಮೆಲ್ಲಗೆ ಇಳಿಸಿದರೆ ಗಡಿಯಾರದ ಲೆಕ್ಕ ನಂಬಲು ಯೋಗ್ಯವಾಗುತ್ತದೆ, ಸಿಪ್ಪೆಯೂ ಸುಲಭವಾಗಿ ಬಿಡುತ್ತದೆ. ಫ್ರಿಜ್ಜಿನಿಂದ ತೆಗೆದ ಮಧ್ಯಮ ಗಾತ್ರದ ಮೊಟ್ಟೆಗೆ ಆರರಿಂದ ಏಳು ನಿಮಿಷ ಕೊಟ್ಟರೆ ಬಿಳಿ ಭಾಗ ನಿಂತು ಹಳದಿ ಜೇನಿನಷ್ಟು ಮಂದವಾಗಿರುತ್ತದೆ. ಹತ್ತು ಹನ್ನೊಂದು ನಿಮಿಷಕ್ಕೆ ಪೂರ್ತಿ ಗಟ್ಟಿ. ಅದಕ್ಕೂ ಮೀರಿ ಕುದಿಸಿದರೆ ಬಿಳಿ ಭಾಗದಿಂದ ಹೊರಟ ಗಂಧಕದ ಅನಿಲ ಹಳದಿಯಲ್ಲಿರುವ ಕಬ್ಬಿಣದೊಂದಿಗೆ ಕೂಡಿ, ಹಳದಿಯ ಸುತ್ತ ಬೂದು ಮಿಶ್ರಿತ ಹಸಿರು ಉಂಗುರವೊಂದು ಮೂಡುತ್ತದೆ. ತಿಂದರೆ ಅಪಾಯವೇನಿಲ್ಲ, ಆದರೆ ಆ ಉಂಗುರ ಕಂಡ ಮೊಟ್ಟೆಯ ಹಳದಿ ಸುಣ್ಣದ ಪುಡಿಯಂತಿರುವುದು ಖಂಡಿತ. ಹೊತ್ತು ಮುಗಿದೊಡನೆ ತಣ್ಣೀರಿಗೆ ಹಾಕುವುದು ಒಳಗಿನ ಬಿಸಿ ಮುಂದುವರಿಯದಂತೆ ತಡೆಯಲು. ಅಂದಹಾಗೆ, ಅಂದೇ ಇಟ್ಟ ಮೊಟ್ಟೆ ಬೇಯಿಸಲು ಶ್ರೇಷ್ಠವೆಂಬುದು ತಪ್ಪು ಕಲ್ಪನೆ. ಮೊಟ್ಟೆ ಹಳೆಯದಾದಂತೆ ಚಿಪ್ಪಿನ ಸೂಕ್ಷ್ಮ ರಂಧ್ರಗಳ ಮೂಲಕ ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗಿ ಬಿಳಿ ಭಾಗ ಹೆಚ್ಚು ಕ್ಷಾರೀಯವಾಗುತ್ತದೆ, ಆಗ ಒಳಪೊರೆಗೆ ಅದು ಅಷ್ಟು ಬಿಗಿಯಾಗಿ ಹತ್ತಿಕೊಳ್ಳುವುದಿಲ್ಲ. ತೀರ ಹೊಸ ಮೊಟ್ಟೆಯ ಸಿಪ್ಪೆ ಸುಲಿದರೆ ಅರ್ಧ ಮೊಟ್ಟೆಯೇ ಅದರ ಜೊತೆ ಹೋಗುತ್ತದೆ.

ಆಮ್ಲೆಟ್ಟಿಗೂ ಇದೇ ನ್ಯಾಯ. ಬಾಣಲೆಯಲ್ಲಿ ಬೆಣ್ಣೆ ಕರಗಿ, ನೊರೆ ಎದ್ದು, ಆ ನೊರೆ ಅಡಗುವ ಹೊತ್ತಿಗೆ ಕಲಕಿದ ಮೊಟ್ಟೆಯನ್ನು ಸುರಿಯಬೇಕು. ನೊರೆ ಅಡಗಿತೆಂದರೆ ಬೆಣ್ಣೆಯಲ್ಲಿದ್ದ ನೀರು ಆವಿಯಾಗಿದೆ ಎಂದರ್ಥ. ಇನ್ನೂ ಕಾದರೆ ಬೆಣ್ಣೆ ಕಂದಾಗುತ್ತದೆ. ಅಂಚು ಬೆಳ್ಳಗಾದೊಡನೆ ಅದನ್ನು ನಡುವಿಗೆ ಎಳೆದು, ಹಸಿ ಭಾಗ ತೆರವಾದ ಜಾಗಕ್ಕೆ ಹರಿಯುವಂತೆ ಬಾಣಲೆಯನ್ನು ವಾಲಿಸುತ್ತಾ ಹೋದರೆ ಒಂದು ನಿಮಿಷದೊಳಗೆ ಮೇಲ್ಮೈ ಇನ್ನೂ ತುಸು ಒದ್ದೆಯಾಗಿ ಹೊಳೆಯುವ ಹಂತ ಬರುತ್ತದೆ. ಮಡಚಿ ತಟ್ಟೆಗೆ ಇಳಿಸಬೇಕಾದದ್ದು ಆಗಲೇ. ಒಲೆಯ ಮೇಲೆ ಪೂರ್ತಿ ಬೆಂದಂತೆ ಕಂಡ ಆಮ್ಲೆಟ್ ತಟ್ಟೆಗೆ ಬರುವಷ್ಟರಲ್ಲಿ ತನ್ನದೇ ಬಿಸಿಗೆ ಇನ್ನಷ್ಟು ಬೆಂದು ಒಣಗಿರುತ್ತದೆ. ಚಿಕ್ಕ ಮಕ್ಕಳಿಗೆ, ಗರ್ಭಿಣಿಯರಿಗೆ, ವಯಸ್ಸಾದವರಿಗೆ ಬಡಿಸುವಾಗ ಮಾತ್ರ ಈ ಮೃದುತ್ವದ ಆಸೆ ಬಿಟ್ಟು ಪೂರ್ತಿ ಬೇಯಿಸುವುದೇ ಸರಿ.

ನನ್ನ ಅಡುಗೆಯಲ್ಲಿ ಅತಿ ಹೆಚ್ಚು ಹೊತ್ತು ತಿನ್ನುವುದು ಈರುಳ್ಳಿ, ಮತ್ತು ಆ ಹೊತ್ತನ್ನು ನಾನು ಎಂದೂ ದಂಡವೆಂದುಕೊಂಡಿಲ್ಲ. ಹೆಚ್ಚುವಾಗ ಕಣ್ಣೀರು ಬರುವುದು ಈರುಳ್ಳಿಯ ಜೀವಕೋಶಗಳು ಒಡೆದಾಗ ಹುಟ್ಟುವ ಗಂಧಕಯುಕ್ತ ಅನಿಲದಿಂದ. ಇದನ್ನು ಉಂಟುಮಾಡಲೆಂದೇ ಇರುವ ಪ್ರತ್ಯೇಕ ಕಿಣ್ವವೊಂದನ್ನು ಜಪಾನಿನ ಸಂಶೋಧಕರು 2002ರಲ್ಲಿ ಪತ್ತೆಹಚ್ಚಿದರು. 2013ರಲ್ಲಿ ಅವರಿಗೆ ಇಗ್ನೊಬೆಲ್ ಎಂಬ ವಿನೋದದ ಪ್ರಶಸ್ತಿಯೂ ಸಂದಿತು. ಮೊಂಡು ಚಾಕು ಕೋಶಗಳನ್ನು ಕತ್ತರಿಸುವ ಬದಲು ಜಜ್ಜುವುದರಿಂದ ಹೆಚ್ಚು ಅನಿಲ ಏಳುತ್ತದೆ. ಹರಿತವಾದ ಚಾಕು, ಸ್ವಲ್ಪ ಹೊತ್ತು ಫ್ರಿಜ್ಜಿನಲ್ಲಿ ತಣಿದ ಈರುಳ್ಳಿ, ಇಷ್ಟಿದ್ದರೆ ಅಳು ಅರ್ಧಕ್ಕರ್ಧ ಕಡಿಮೆಯಾಗುತ್ತದೆ. ಬಾಯಲ್ಲಿ ಬ್ರೆಡ್ಡಿನ ತುಂಡು ಕಚ್ಚಿಕೊಳ್ಳುವಂಥ ಉಪಾಯಗಳಲ್ಲಿ ನನಗೆ ನಂಬಿಕೆಯಿಲ್ಲ.

ಈಗ ಬಾಣಲೆಯತ್ತ. ಈರುಳ್ಳಿಯ ತೂಕದಲ್ಲಿ ಹತ್ತಿರ ಹತ್ತಿರ ಹತ್ತರಲ್ಲಿ ಒಂಬತ್ತು ಪಾಲು ನೀರೇ. ನೀರಿರುವವರೆಗೂ ಬಿಸಿ 100 ಡಿಗ್ರಿಯನ್ನು ದಾಟಲಾರದು; ಆದರೆ ಕಂದು ಬಣ್ಣವೂ ಹುರಿದ ಘಮವೂ ಹುಟ್ಟುವ ಕ್ರಿಯೆ ಚುರುಕಾಗುವುದು 140 ಡಿಗ್ರಿಯ ಸುತ್ತಮುತ್ತ. ಸಕ್ಕರೆ ಮತ್ತು ಅಮೈನೋ ಆಮ್ಲಗಳ ನಡುವೆ ನಡೆಯುವ ಈ ಕ್ರಿಯೆಯನ್ನು ಫ್ರಾನ್ಸಿನ ರಸಾಯನ ವಿಜ್ಞಾನಿ ಲೂಯಿ ಕಮಿಲ್ ಮೇಯಾರ್ 1912ರಲ್ಲಿ ವಿವರಿಸಿದ ಕಾರಣ ಅದಕ್ಕೆ ಅವನ ಹೆಸರೇ ನಿಂತಿದೆ. ಬ್ರೆಡ್ಡಿನ ಹೊರಪದರಕ್ಕೆ, ಹುರಿದ ಕಾಫಿ ಬೀಜಕ್ಕೆ ಬಣ್ಣ ಬರುವುದೂ ಬಹುಪಾಲು ಅದರಿಂದಲೇ. ಆದ್ದರಿಂದ ಬಾಣಲೆಯ ತುಂಬ ಈರುಳ್ಳಿ ಒಟ್ಟಿ ಐದು ನಿಮಿಷದಲ್ಲಿ ಕಂದಾಗಲಿ ಎಂದರೆ ಆಗದು. ಮೊದಲು ಅದು ಬೆವರುತ್ತದೆ, ಚಿಟಿಕೆ ಉಪ್ಪು ಹಾಕಿದರೆ ಬೇಗ ಬೆವರುತ್ತದೆ. ಬಿಳಿಯ ಬಿರುಸು ಹೋಗಿ ಗಾಜಿನಂತೆ ಪಾರದರ್ಶಕವಾಗುತ್ತದೆ, ಸಿಡಿಯುವ ಸದ್ದು ಮೆತ್ತಗಾಗುತ್ತದೆ, ರಾಶಿ ಕುಗ್ಗಿ ಬಾಣಲೆಯ ತಳ ಕಾಣತೊಡಗುತ್ತದೆ. ಹೊಂಬಣ್ಣ ಮೂಡುವುದು ಆ ನಂತರವೇ, ಅದೂ ಅಂಚುಗಳಿಂದ. ತಳದಲ್ಲಿ ಕಂದು ಪದರ ಹತ್ತಿಕೊಂಡಾಗ ಒಂದು ಚಮಚ ನೀರು ಚಿಮುಕಿಸಿ ಸೌಟಿನಿಂದ ಕೆರೆದರೆ ಆ ಪದರವೆಲ್ಲ ಕರಗಿ ಈರುಳ್ಳಿಗೇ ಬಣ್ಣವಾಗಿ ಮರಳುತ್ತದೆ. ಅದು ಸೀದದ್ದಲ್ಲ, ರುಚಿಯ ಸಾರ. ಹೀಗೆ ನಲವತ್ತು ಐವತ್ತು ನಿಮಿಷ ಸಣ್ಣ ಉರಿಯಲ್ಲಿ ಬಾಡಿಸಿದ ಈರುಳ್ಳಿ ಗಾಢ ಕಂದಾಗಿ, ಜಾಮಿನಂತೆ ಸಿಹಿಯಾಗಿ, ಬೆಣ್ಣೆ ಸವರಿದ ಬ್ರೆಡ್ಡಿನ ಮೇಲೂ ಬಿಸಿ ಅನ್ನದ ಮೇಲೂ ಸೊಗಸಾಗಿ ಕೂರುತ್ತದೆ. ಅಡುಗೆ ಸೋಡಾ ಹಾಕಿದರೆ ಬೇಗ ಕಂದಾಗುತ್ತದೆ ಎನ್ನುತ್ತಾರೆ, ನಿಜವೇ. ಆದರೆ ಅದರಿಂದ ಈರುಳ್ಳಿ ಹಿಟ್ಟಿನಂತೆ ಕರಗಿಹೋಗುತ್ತದೆ, ಎಳೆಗಳು ಉಳಿಯುವುದಿಲ್ಲ. ನನಗೆ ಎಳೆಗಳು ಬೇಕು.

ಆಲೂಗಡ್ಡೆಯ ಬಗ್ಗೆ ಕೊರತೆಯಾಗದಷ್ಟು ಪ್ರೀತಿಯಿದ್ದರೂ ಹೇಳಬೇಕಾದದ್ದು ಕಡಿಮೆ. ಬೇಯಿಸುವಾಗ ತಣ್ಣೀರಿನಲ್ಲೇ ಇಟ್ಟು ಒಲೆ ಹಚ್ಚಬೇಕು; ಕುದಿಯುವ ನೀರಿಗೆ ಹಾಕಿದರೆ ಒಳಗೆ ಬೇಯುವಷ್ಟರಲ್ಲಿ ಹೊರಗು ಕದಡಿ ಹೋಗುತ್ತದೆ. ಹಿಚುಕುವಾಗ ಕೈಯಿಂದಲೋ ಸೌಟಿನಿಂದಲೋ ಹಿಚುಕಬೇಕೇ ಹೊರತು ಮಿಕ್ಸಿಗೆ ಹಾಕಬಾರದು, ಅದರ ಅಲಗು ಪಿಷ್ಟದ ಕೋಶಗಳನ್ನೆಲ್ಲ ಸೀಳಿ ಗೋಂದು ಮಾಡಿಬಿಡುತ್ತದೆ. ಗರಿಗರಿಯಾಗಿ ಹುರಿಯಬೇಕೆಂದರೆ ದಪ್ಪ ಹೋಳುಗಳನ್ನು ಉಪ್ಪು ನೀರಿನಲ್ಲಿ ಮುಕ್ಕಾಲು ಬೇಯಿಸಿ, ಬಸಿದು, ಮುಚ್ಚಿದ ಪಾತ್ರೆಯಲ್ಲಿ ಚೆನ್ನಾಗಿ ಕುಲುಕಿ ಮೈಯನ್ನು ತರಿತರಿ ಮಾಡಿ, ಆವಿಯಾರಿದ ಮೇಲೆ ಕಾದ ಎಣ್ಣೆಗೆ ಹಾಕಬೇಕು. ಆ ತರಿಗಳೇ ಗರಿಯಾಗುವುದು. ಹಸಿ ಆಲೂಗಡ್ಡೆಯನ್ನು ಫ್ರಿಜ್ಜಿನಲ್ಲಿ ಬಹಳ ದಿನ ಇಟ್ಟರೆ ಚಳಿಗೆ ಪಿಷ್ಟವು ಸಕ್ಕರೆಯಾಗುವುದರಿಂದ ಹುರಿದಾಗ ಬೇಗ ಕಪ್ಪಾಗುತ್ತದೆ, ಬೆಳಕಿನಲ್ಲಿಟ್ಟರೆ ಹಸಿರಾಗುತ್ತದೆ. ಹಸಿರು ಬಣ್ಣ ತಾನಾಗಿ ನಿರಪಾಯವಾದರೂ ಅದರ ಜೊತೆಯಲ್ಲೇ ಸೊಲನಿನ್ ಎಂಬ ಕಹಿ ವಿಷ ಹೆಚ್ಚಿರುವ ಸೂಚನೆ ಅದು, ಬೇಯಿಸಿದರೂ ಆ ವಿಷ ಹೋಗುವುದಿಲ್ಲ. ಸ್ವಲ್ಪ ಹಸಿರಿದ್ದರೆ ದಪ್ಪಗೆ ಕೆತ್ತಿ ತೆಗೆಯಬಹುದು, ಹೆಚ್ಚಿದ್ದರೆ ಎಸೆಯುವುದೇ ಲೇಸು.

ಬೇಳೆಕಾಳು ಬೇಯುತ್ತಿಲ್ಲವೆಂದು ಗೊಣಗುವವರು ಮೊದಲು ಪಾತ್ರೆಯಲ್ಲಿ ಹುಳಿಯೇನಾದರೂ ಬಿದ್ದಿದೆಯೇ ಎಂದು ನೋಡಬೇಕು. ಕಾಳಿನ ಕೋಶಗಳನ್ನು ಹಿಡಿದಿಟ್ಟಿರುವ ಪೆಕ್ಟಿನ್ ಹುಳಿಯಲ್ಲಿ ಕರಗುವುದಿಲ್ಲ, ಗಡಸು ನೀರಿನ ಕ್ಯಾಲ್ಸಿಯಂ ಅದನ್ನು ಇನ್ನಷ್ಟು ಗಟ್ಟಿಗೊಳಿಸುತ್ತದೆ. ಆದ್ದರಿಂದ ಟೊಮೆಟೊ, ನಿಂಬೆರಸ, ಹುಣಸೆ ಯಾವುದೇ ಇರಲಿ, ಕಾಳು ಬೆರಳಿಗೆ ಮೆತ್ತಗಾದ ಮೇಲೆಯೇ ಸೇರಬೇಕು. ಉಪ್ಪಿನ ಮೇಲೆ ಮಾತ್ರ ಇದೇ ಆರೋಪ ಹೊರಿಸುವುದು ಅನ್ಯಾಯ. ನೆನೆಹಾಕುವ ನೀರಿಗೆ ಉಪ್ಪು ಬೆರೆಸಿದರೆ ಸೋಡಿಯಂ ಕ್ಯಾಲ್ಸಿಯಂನ ಜಾಗವನ್ನು ಆಕ್ರಮಿಸಿ ಸಿಪ್ಪೆಯನ್ನು ಮೆದುವಾಗಿಸುತ್ತದೆ. ಎತ್ತರದ ಪ್ರದೇಶದಲ್ಲಿರುವವರಿಗೆ ಇನ್ನೊಂದು ತೊಡಕು: ಪ್ರತಿ 300 ಮೀಟರ್ ಏರಿದಂತೆ ನೀರು ಕುದಿಯುವ ಬಿಸಿ ಸುಮಾರು ಒಂದು ಡಿಗ್ರಿ ಇಳಿಯುತ್ತದೆ. ಇದಕ್ಕೆ ಮದ್ದು ಪ್ರೆಷರ್ ಕುಕ್ಕರ್. ಫ್ರಾನ್ಸಿನ ವಿಜ್ಞಾನಿ ದೆನಿ ಪಾಪಿನ್ 1679ರಲ್ಲಿ ರೂಪಿಸಿದ ಆವಿಯ ಪಾತ್ರೆಯಿಂದ ಬಂದ ಈ ಉಪಕರಣ ಒಳಗಿನ ನೀರನ್ನು 120 ಡಿಗ್ರಿಯ ಹತ್ತಿರಕ್ಕೆ ಒಯ್ಯುತ್ತದೆ. ರಾಜ್ಮಾ ಕಾಳಿನಲ್ಲಿ ಎಚ್ಚರ ಹೆಚ್ಚು ಬೇಕು. ಅದರಲ್ಲಿರುವ ಫೈಟೋಹಿಮಗ್ಲುಟಿನಿನ್ ಎಂಬ ವಿಷಕಾರಿ ಪ್ರೋಟೀನ್, ಕುದಿಯ ಹಂತ ಮುಟ್ಟದ ಮಂದ ಬಿಸಿಯಲ್ಲಿ ಗಂಟೆಗಟ್ಟಲೆ ಇಟ್ಟರೂ ಪೂರ್ತಿ ನಾಶವಾಗದು. ರಾತ್ರಿ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕೊತಕೊತನೆ ಅರ್ಧ ಗಂಟೆಯಾದರೂ ಕುದಿಸಬೇಕು ಅಥವಾ ಕುಕ್ಕರಿನಲ್ಲಿ ಬೇಯಿಸಬೇಕು.

ಬೆಂದ ಬೇಳೆಗೆ ಮೇಲೆ ಹಾಕುವ ಒಗ್ಗರಣೆ ಅಲಂಕಾರವಲ್ಲ. ಜೀರಿಗೆ, ಬೆಳ್ಳುಳ್ಳಿ, ಮೆಣಸಿನಕಾಯಿ ಇವುಗಳ ಘಮದ ದೊಡ್ಡ ಪಾಲು ನೀರಿಗಿಂತ ಕೊಬ್ಬಿನಲ್ಲೇ ಸಲೀಸಾಗಿ ಕರಗುವಂಥದ್ದು, ಆದ್ದರಿಂದ ಅದನ್ನು ಪಾತ್ರೆಯ ತುಂಬ ಹರಡಲು ಎಣ್ಣೆಯ ನೆರವು ಬೇಕು. ಬೆಳ್ಳುಳ್ಳಿಯನ್ನು ಹೊಂಬಣ್ಣಕ್ಕೆ ಒಂದು ಹೆಜ್ಜೆ ಮುಂಚೆಯೇ ಇಳಿಸಬೇಕು, ಕಂದಾದರೆ ಕಹಿ. ಟೊಮೆಟೊದ ಬಗ್ಗೆ ಒಂದೇ ಮಾತು: ಹಣ್ಣಾದ ಟೊಮೆಟೊದಲ್ಲಿ ಗ್ಲುಟಮೇಟ್ ಎಂಬ ವಸ್ತು ಸಮೃದ್ಧವಾಗಿದೆ, ಜಪಾನಿನ ರಸಾಯನ ವಿಜ್ಞಾನಿ ಕಿಕುನಾಯೆ ಇಕೆಡಾ 1908ರಲ್ಲಿ ಅದನ್ನು ಕಡಲಕಳೆಯ ಸಾರಿನಿಂದ ಬೇರ್ಪಡಿಸಿ ಉಮಾಮಿ ಎಂದು ಕರೆದ, ಮಾಂಸದ ಸಾರಿನಂಥ ತುಂಬು ರುಚಿ ಅದರಿಂದಲೇ ಬರುತ್ತದೆ. ಬೇಳೆ ಸಪ್ಪೆಯೆನಿಸಿದಾಗ ಇನ್ನಷ್ಟು ಖಾರ ಸುರಿಯುವ ಬದಲು ಎಣ್ಣೆ ಬಿಡುವವರೆಗೆ ಬಾಡಿಸಿದ ಒಂದು ಟೊಮೆಟೊ ಸೇರಿಸಿ ನೋಡಬಹುದು.

ಕೊನೆಯದು ಮೊಸರು. ಇಲ್ಲಿ ಅಡುಗೆ ಮಾಡುವುದು ನಾವಲ್ಲ, ಬ್ಯಾಕ್ಟೀರಿಯಾಗಳು. ನಮ್ಮ ಪಾಲಿನದು ಎರಡು ಬಾರಿ ಬಿಸಿಯನ್ನು ಗಮನಿಸುವ ಕೆಲಸ ಮಾತ್ರ. ಮೊದಲು ಹಾಲನ್ನು 85 ಡಿಗ್ರಿಗೆ, ಅಂದರೆ ಉಕ್ಕಲು ತುಸು ಮುಂಚಿನ ಹಂತಕ್ಕೆ ತಂದು ಕೆಲವು ನಿಮಿಷ ಸಣ್ಣ ಉರಿಯಲ್ಲಿ ಅಲ್ಲೇ ನಿಲ್ಲಿಸಬೇಕು. ಇದರಿಂದ ಹಾಲಿನ ತಿಳಿ ಭಾಗದ ಪ್ರೋಟೀನುಗಳು ತಮ್ಮ ರೂಪ ಕಳೆದುಕೊಂಡು ಹಾಲಿನ ಮುಖ್ಯ ಪ್ರೋಟೀನಾದ ಕೇಸೀನಿಗೆ ಹತ್ತಿಕೊಳ್ಳುತ್ತವೆ, ಮೊಸರಿಗೆ ಚಮಚ ನಿಲ್ಲುವಂಥ ಗಟ್ಟಿತನ ಬರುವುದು ಅದರಿಂದ. ಪ್ಯಾಕೆಟ್ ಹಾಲು ಮೊದಲೇ ಪಾಶ್ಚರೀಕರಣವಾಗಿದೆಯೆಂದು ಈ ಹಂತವನ್ನು ಬಿಟ್ಟರೆ ಮೊಸರು ಹೆಪ್ಪಾಗುತ್ತದೆ, ಆದರೆ ತೆಳ್ಳಗಿರುತ್ತದೆ. ನಂತರ 40ರಿಂದ 45 ಡಿಗ್ರಿಗೆ ಆರಿಸಬೇಕು. ಶುಚಿಯಾದ ಬೆರಳನ್ನು ಅದ್ದಿದರೆ ಬೆಚ್ಚಗೆನಿಸಬೇಕು, ಸುಡಬಾರದು. ಇದಕ್ಕಿಂತ ಬಹಳ ಬಿಸಿಯಿದ್ದರೆ ಹೆಪ್ಪಿನ ಬ್ಯಾಕ್ಟೀರಿಯಾ ಸಾಯುತ್ತವೆ, ತಣ್ಣಗಿದ್ದರೆ ಅವು ಮಂದವಾಗಿ ಮೊಸರು ಲೋಳೆಲೋಳೆಯಾಗುತ್ತದೆ.

ಅರ್ಧ ಲೀಟರ್ ಹಾಲಿಗೆ ಒಂದು ಟೀ ಚಮಚ ಹೆಪ್ಪು ಧಾರಾಳವಾಯಿತು. ಹೆಚ್ಚು ಹಾಕಿದರೆ ಗಟ್ಟಿಯಾಗುವುದಕ್ಕಿಂತ ಮೊದಲು ಹುಳಿಯಾಗುತ್ತದೆ. ಅದನ್ನು ಸ್ವಲ್ಪ ಹಾಲಿನಲ್ಲಿ ಕದಡಿ ಬೆರೆಸಿ, ಮುಚ್ಚಿ, ಬೆಚ್ಚಗಿನ ಮೂಲೆಯಲ್ಲಿ ಅಲುಗಾಡಿಸದೆ ಇಡಬೇಕು. ಲ್ಯಾಕ್ಟಿಕ್ ಆಮ್ಲ ಹೆಚ್ಚುತ್ತಾ ಹುಳಿಯನ್ನು ಅಳೆಯುವ ಪಿಎಚ್ 4.6ರ ಹತ್ತಿರಕ್ಕೆ ಇಳಿದಾಗ ಕೇಸೀನ್ ಒಂದಕ್ಕೊಂದು ಹೆಣೆದುಕೊಂಡು ಬಲೆಯಾಗಿ ನೀರನ್ನು ಒಳಗೇ ಹಿಡಿದಿಡುತ್ತದೆ. ಆಗಾಗ ವಾಲಿಸಿ ನೋಡುವವರ ಮೊಸರು ನೀರು ಬಿಡುವುದು ಈ ಬಲೆ ಹರಿಯುವುದರಿಂದ. ಬಿಸಿಲಿನ ದಿನಗಳಲ್ಲಿ ಐದಾರು ಗಂಟೆ, ಚಳಿಯಲ್ಲಿ ಇಡೀ ರಾತ್ರಿ ಬೇಕಾದೀತು. ಹೆಪ್ಪಾದೊಡನೆ ಫ್ರಿಜ್ಜಿಗೆ ಸೇರಿಸಿದರೆ ಹುಳಿ ಅಲ್ಲಿಗೇ ಬಹುಮಟ್ಟಿಗೆ ನಿಲ್ಲುತ್ತದೆ, ಮೊಸರು ಇನ್ನೂ ಬಿಗಿಯುತ್ತದೆ. ಮೊದಲ ಚಮಚ ತೆಗೆದ ಗುಳಿಯಲ್ಲಿ ಮರುದಿನ ನಿಲ್ಲುವ ಹಸಿರು ಛಾಯೆಯ ತಿಳಿಯನ್ನು ಕೆಟ್ಟಿತೆಂದು ಚೆಲ್ಲುವವರಿದ್ದಾರೆ. ಅದರ ಬಣ್ಣ ರೈಬೋಫ್ಲೇವಿನ್ ಎಂಬ ವಿಟಮಿನ್ನಿನದು. ಅದನ್ನು ಮೊಸರಿಗೇ ಕದಡಿಕೊಳ್ಳಬಹುದು, ಅಥವಾ ಹಿಟ್ಟು ಕಲಸುವಾಗ ನೀರಿನ ಬದಲು ಬಳಸಬಹುದು.